ಧರ್ಮವಿದ್ಯಾರ್ಥಿಯ ಸ್ಥಾನಾಂತರ

ಒಂದು ಗುರುಗೃಹದಲ್ಲಿ ಅಧ್ಯಯನಕ್ಕೆ ತೊಡಗಿದ ವಿದ್ಯಾರ್ಥಿಯು, ಓದು ಅರ್ಧಕ್ಕೆ ಬಂದಿರುವಾಗ ಅದನ್ನು ಬಿಟ್ಟು ಮತ್ತೊಂದು ವಿದ್ಯಾಸ್ಥಾನವನ್ನು ಸೇರುವುದು ಧರ್ಮಸಮ್ಮತವೇ ಎಂಬ ಪ್ರಶ್ನೆ ಹೊಸದಲ್ಲ. ವೈದ್ಯವನ್ನೋ ಯಂತ್ರಶಾಸ್ತ್ರವನ್ನೋ ಓದುವವನು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಶುಲ್ಕವೆಷ್ಟು, ಊರೆಷ್ಟು ದೂರ, ಮುಂದೆ ಉದ್ಯೋಗವೇನು ಎಂದು ವಿಚಾರಿಸಿ ಹಿರಿಯರು ಸುಮ್ಮನಾಗುವರು. ಓದತಕ್ಕ ವಿಷಯವು ಧರ್ಮವಾಗಿದ್ದರೆ ಮಾತ್ರ ಮನೆಯಲ್ಲಿಯೂ ಮಠದಲ್ಲಿಯೂ ಒಂದು ಬಗೆಯ ಕಳವಳ ತಲೆದೋರುತ್ತದೆ. ಶಾಲೆ ಬದಲಾದರೆ ಗುರು ಬದಲಾಗುವನು. ಗುರು ಬದಲಾದರೆ ನಿಷ್ಠೆ ಬದಲಾದೀತು. ನಿಷ್ಠೆ ಬದಲಾದ ಮೇಲೆ ಕೊರಳಲ್ಲಿರುವ ಲಿಂಗಕ್ಕೆ ಉಳಿದ ಅರ್ಥವೇನು ಎಂಬ ಭಯವೇ ಈ ಕಳವಳದ ಮೂಲ. ಇದನ್ನು ಹಗುರಾಗಿ ಕಾಣತಕ್ಕದ್ದಲ್ಲ. ಆದರೆ ಭಯವನ್ನೇ ಪ್ರಮಾಣವೆಂದು ಹಿಡಿಯತಕ್ಕದ್ದೂ ಅಲ್ಲ.

ಎರಡು ಸನ್ನಿವೇಶಗಳನ್ನು ಊಹಿಸಿಕೊಳ್ಳಬಹುದು. ಒಕ್ಕಲುತನದ ಮನೆಯ ಹುಡುಗನೊಬ್ಬನು ಹತ್ತು ವರುಷದವನಾಗಿದ್ದಾಗ ಮಠದ ಪಾಠಶಾಲೆಗೆ ಬಂದನೆನ್ನೋಣ. ಅನ್ನ, ವಸತಿ, ಪಾಠ, ಪುಸ್ತಕ ಎಲ್ಲವೂ ದಾಸೋಹದಿಂದ ನಡೆದವು. ಪ್ರಥಮಾ, ಕಾವ್ಯ, ಸಾಹಿತ್ಯ ಪರೀಕ್ಷೆಗಳು ಮುಗಿದು ವಿದ್ವತ್ತಿನ ತರಗತಿಯಲ್ಲಿ ಕುಳಿತಿರುವಾಗ ಅವನಿಗೆ ವಿಶ್ವವಿದ್ಯಾಲಯದಲ್ಲಿ ಧರ್ಮಗಳನ್ನು ತೌಲನಿಕವಾಗಿ ಅಭ್ಯಸಿಸಬೇಕೆಂಬ ಹಂಬಲ ಹುಟ್ಟಿತು. ಇದಕ್ಕೆ ವಿರುದ್ಧವಾದುದು ಇನ್ನೊಂದು ಸನ್ನಿವೇಶ. ಪಟ್ಟಣದ ಕಾಲೇಜಿನಲ್ಲಿ ಎರಡು ವರುಷ ವಾಣಿಜ್ಯವನ್ನು ಓದಿದ ತರುಣಿಯೊಬ್ಬಳು ಜಮಾಖರ್ಚಿನ ಪುಸ್ತಕವನ್ನು ಮುಚ್ಚಿಟ್ಟು, ಇನ್ನು ಮುಂದೆ ಶಿವಾನುಭವವನ್ನು ಶಾಸ್ತ್ರೋಕ್ತವಾಗಿ ಕಲಿಯುವೆನೆಂದು ತಂದೆಗೆ ಹೇಳಿದಳು. ಮೊದಲನೆಯವನ ತಂದೆಯು, ಉಂಡ ಮನೆಯ ಜಂತೆ ಎಣಿಸುವ ಬುದ್ಧಿ ನಿನಗೆ ಎಲ್ಲಿಂದ ಬಂತೆಂದು ಗದರುವನು. ಎರಡನೆಯವಳ ತಂದೆಯು, ಇದರಿಂದ ಹೊಟ್ಟೆಗೇನು ಎಂದು ಕೇಳುವನು. ಎರಡೂ ಮಾತುಗಳು ಪ್ರೀತಿಯಿಂದಲೇ ಹುಟ್ಟಿದವು. ಆದುದರಿಂದಲೇ ಎರಡಕ್ಕೂ ಸಮಾಧಾನ ಹೇಳುವುದು ಕಷ್ಟ.

ಮೊದಲು ಉಪ್ಪುಂಡ ಋಣದ ಮಾತನ್ನು ವಿಚಾರಿಸಬೇಕು. ಮಠದಲ್ಲಿ ಉಂಡು ಬೆಳೆದ ಹುಡುಗನು ಮಠಕ್ಕೆ ಸಾಲಗಾರನೇ? ಲೋಕವ್ಯವಹಾರದಲ್ಲಿ ಕೊಟ್ಟವನು ಧನಿ, ಕೊಂಡವನು ಋಣಿ. ದಾನದಲ್ಲಿಯೂ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ಶರಣರು ದಾಸೋಹವೆಂಬ ಬೇರೊಂದು ಪದವನ್ನೇ ಬಳಕೆಗೆ ತಂದುದು ಈ ಮೇಲು–ಕೀಳನ್ನು ಅಳಿಸುವುದಕ್ಕಾಗಿ. ದಾಸೋಹದಲ್ಲಿ ನೀಡುವವನೇ ದಾಸನು, ಉಣ್ಣುವವನು ಜಂಗಮಸ್ವರೂಪನು. ಸಮಾಜದಿಂದ ಬಂದುದನ್ನು ಸಮಾಜಕ್ಕೆ ಸಲ್ಲಿಸುವಾಗ ನೀಡುವವನ ಲೆಕ್ಕದ ಪುಸ್ತಕದಲ್ಲಿ ಉಂಡವನ ಹೆಸರು ಏರುವುದೇ ಇಲ್ಲ. ಇಂತಿರಲು, ಹತ್ತು ವರುಷ ಅನ್ನ ಹಾಕಿದ್ದೇವೆ, ಇನ್ನು ಇಲ್ಲಿಯೇ ಇರಬೇಕು ಎಂದು ಯಾವ ಮಠವಾದರೂ ನುಡಿದರೆ, ಆ ಕ್ಷಣಕ್ಕೆ ಅಲ್ಲಿ ನಡೆದುದು ದಾಸೋಹವಾಗದೆ ಮುಂಗಡವಾಗಿ ಬಿಡುತ್ತದೆ. ಕಟು ಮಾತಾದರೂ ಇದನ್ನು ಹೇಳದೆ ವಿಧಿಯಿಲ್ಲ.

ಋಣವೇ ಇಲ್ಲವೆಂದು ಇದರ ಅರ್ಥವಲ್ಲ. ವೈದಿಕ ಸಂಪ್ರದಾಯವು ದೇವಋಣ, ಋಷಿಋಣ, ಪಿತೃಋಣಗಳೆಂದು ಮೂರನ್ನು ಹೇಳಿದಾಗ ಋಷಿಋಣದ ತೀರುವೆಗೆ ಸೂಚಿಸಿದ ಮಾರ್ಗವು ಅಧ್ಯಯನವೇ ಹೊರತು, ಗುರುವಿನ ಹಟ್ಟಿಯಲ್ಲಿ ಆಜೀವವೂ ನಿಲ್ಲುವುದಲ್ಲ. ಕಲಿತುದನ್ನು ಮುಂದಕ್ಕೆ ಓದುವುದರಿಂದಲೂ, ಓದಿದುದನ್ನು ಇನ್ನೊಬ್ಬನಿಗೆ ಹೇಳುವುದರಿಂದಲೂ ಅದು ತೀರುತ್ತದೆ. ಆದುದರಿಂದ ಹೊರಡುವ ವಿದ್ಯಾರ್ಥಿಯನ್ನು ಕೇಳತಕ್ಕ ಪ್ರಶ್ನೆ ‘ಏಕೆ ಹೋಗುವೆ?’ ಎಂಬುದಕ್ಕಿಂತಲೂ ‘ಏನನ್ನು ಮುಗಿಸಿ ಹೋಗುವೆ?’ ಎಂಬುದು. ಕಠಿನವಾದ ಪಾಠ ಬಂದಾಗಲೆಲ್ಲ ಗುರುವನ್ನು ಬದಲಿಸುವವನೊಬ್ಬನು. ಇಲ್ಲಿ ಕಲಿಯಬಹುದಾದುದನ್ನು ಕಲಿತು, ಮುಂದಿನ ಪಾಠ ಇಲ್ಲಿ ದೊರೆಯದೆಂದು ಅರಿತು ಹೊರಡುವವನು ಇನ್ನೊಬ್ಬನು. ಹೊರಗಿನಿಂದ ನೋಡುವವರಿಗೆ ಇಬ್ಬರ ಬೆನ್ನೂ ಒಂದೇ ರೀತಿ ಕಾಣುತ್ತದೆ. ಹಿಡಿದ ಗ್ರಂಥವನ್ನು ಮುಗಿಸಿ ಹೊರಡುವುದು ಹಳೆಯ ಪಾಠಶಾಲೆಗಳ ಒಳ್ಳೆಯ ರೂಢಿ. ಅದರಿಂದ ಈ ಇಬ್ಬರಲ್ಲಿರುವ ವ್ಯತ್ಯಾಸವು ತಾನಾಗಿಯೇ ಹೊರಬೀಳುವುದು.

ಶರಣರ ಚರಿತ್ರೆಯಲ್ಲಿಯೇ ಸ್ಥಾನಾಂತರದ ಒಂದು ಮಹಾಪ್ರಸಂಗವಿದೆ. ಶೂನ್ಯಸಂಪಾದನೆಯನ್ನು ಓದಿದವರಿಗೆ ಸೊನ್ನಲಿಗೆಯ ಸಿದ್ಧರಾಮನ ಕಥೆ ಪರಿಚಿತವೇ. ಶ್ರೀಶೈಲದ ಮಲ್ಲಿಕಾರ್ಜುನನಲ್ಲಿ ನೆಟ್ಟ ಮನಸ್ಸಿನವನಾಗಿ, ಕೆರೆಯನ್ನು ಕಟ್ಟಿಸಿ, ಗುಡಿಯನ್ನು ಎತ್ತಿಸಿ, ಸಾವಿರಾರು ಜನರಿಗೆ ಕೆಲಸವನ್ನೂ ಕೂಳನ್ನೂ ಒದಗಿಸಿದ ಕರ್ಮಯೋಗಿ ಆತನು. ಅವನಿಗೆ ಕೊರತೆಯೆಂಬುದಿರಲಿಲ್ಲ, ಕೀರ್ತಿಯಿತ್ತು, ಶಿಷ್ಯರಿದ್ದರು, ಕಣ್ಣೆದುರಿಗೆ ಫಲವಿತ್ತು. ಅಲ್ಲಮಪ್ರಭುವು ಅಲ್ಲಿಗೆ ಬಂದು ಅವನನ್ನು ಮಣ್ಣು ಹೊರುವ ಒಡ್ಡನೆಂದು ಕರೆದನು. ಸಿದ್ಧರಾಮನು ಕೆರಳಿದನು, ಕೆರಳಿದುದರಿಂದಲೇ ತನ್ನ ಯೋಗದಲ್ಲಿ ಎಲ್ಲಿಯೋ ಒಂದು ಬಿರುಕಿದೆಯೆಂಬುದು ಅವನಿಗೆ ಗೋಚರಿಸಿತು. ಬಳಿಕ ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದನು.

ಕಲ್ಯಾಣದಲ್ಲಿ ಎದ್ದ ಪ್ರಶ್ನೆಯು ಇಂದಿನ ವಿದ್ಯಾರ್ಥಿಗಳಿಗೆ ಬಹಳ ಹತ್ತಿರದ್ದು. ಇವನು ಇಷ್ಟೆಲ್ಲ ಸಾಧಿಸಿ ಬಂದವನು; ಇವನ ಕೊರಳಲ್ಲಿ ಇಷ್ಟಲಿಂಗವಿಲ್ಲ; ಇವನಿಗೆ ದೀಕ್ಷೆ ಬೇಕೋ ಬೇಡವೋ? ಹಿಂದಿನ ಸಾಧನೆಯನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ದೀಕ್ಷೆ ಅನಾವಶ್ಯಕವೆನಿಸುತ್ತದೆ. ಹಿಡಿಯದಿದ್ದರೆ ಮಹಾಯೋಗಿಯೊಬ್ಬನನ್ನು ಅವಮಾನಿಸಿದಂತಾಗುತ್ತದೆ. ಕಲ್ಯಾಣವು ಆರಿಸಿಕೊಂಡ ದಾರಿ ಈ ಎರಡೂ ಅಲ್ಲ. ಸಿದ್ಧರಾಮನ ಅನುಭಾವವನ್ನು ಅದು ಸಂಪೂರ್ಣವಾಗಿ ಗೌರವಿಸಿತು. ಆದರೂ ದೀಕ್ಷೆಯಿಂದಲೇ ಆರಂಭಿಸಲು ಹೇಳಿತು. ದೀಕ್ಷೆಯಿತ್ತವನು ಚನ್ನಬಸವಣ್ಣನು, ವಯಸ್ಸಿನಲ್ಲಿ ಕಿರಿಯನು. ಕೆರೆ ಕಟ್ಟಿಸಿದ ಕೈಗಳು ಕಿರಿಯನ ಮುಂದೆ ಚಾಚಿಕೊಂಡವು. ಎಷ್ಟು ಸಾಧಿಸಿ ಬಂದವನೇ ಆಗಲಿ, ಹೊಸ ಮನೆಯ ಮೊದಲ ಪಾಠವನ್ನು ಮೊದಲ ಸಾಲಿನಲ್ಲಿ ಕುಳಿತು ಕೇಳುವ ವಿನಯವುಳ್ಳವನಿಗೇ ಸ್ಥಾನಾಂತರದ ಅಧಿಕಾರ. ಇದಕ್ಕೆ ಸೇರಿಸಬೇಕಾದ ಮಾತೊಂದಿದೆ. ಸಿದ್ಧರಾಮನು ಕಲ್ಯಾಣಕ್ಕೆ ಬಂದನೆಂದು ಸೊನ್ನಲಿಗೆಯ ಕೆರೆ ಬತ್ತಲಿಲ್ಲ. ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯೂ ಕೆರೆಯೂ ಇಂದಿಗೂ ಇವೆ. ಜನ ಇಂದಿಗೂ ಅವನನ್ನು ಸೊನ್ನಲಿಗೆಯವನೆಂದೇ ಕರೆಯುತ್ತಾರೆ.

ಷಟ್ಸ್ಥಲಸಿದ್ಧಾಂತವೂ ಇದನ್ನೇ ಬೇರೊಂದು ಮುಖದಿಂದ ತಿಳಿಸುತ್ತದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರನ್ನು ಮೆಟ್ಟಿಲುಗಳೆಂದು ಸಾಮಾನ್ಯವಾಗಿ ವರ್ಣಿಸುವರು. ಮೆಟ್ಟಿಲನ್ನು ಹತ್ತುವವನು ಕೆಳಗಿನದನ್ನು ಬಿಟ್ಟೇ ಮೇಲಿನದಕ್ಕೆ ಹೋಗಬೇಕು. ಆದರೆ ಒಂದೊಂದು ಸ್ಥಲದಲ್ಲಿಯೂ ಆರೂ ಅಡಗಿ 36 ಆಗುವುವೆಂದು ಚನ್ನಬಸವಣ್ಣನು ವಿಸ್ತರಿಸಿದುದನ್ನು ನೆನೆದರೆ, ಮೆಟ್ಟಿಲಿನ ಉಪಮೆ ಸಾಲದೆಂದು ಕಾಣುತ್ತದೆ. ಶರಣಸ್ಥಲಕ್ಕೆ ಬಂದವನಲ್ಲಿ ಭಕ್ತಸ್ಥಲವು ಅಳಿದಿಲ್ಲ, ಒಳಗೇ ಇದೆ. ಒಂದು ಪಾಠಶಾಲೆಯನ್ನು ಬಿಟ್ಟು ಇನ್ನೊಂದಕ್ಕೆ ಹೋದವನು ಮೊದಲನೆಯದನ್ನು ತನ್ನೊಳಗೆ ಇಟ್ಟುಕೊಂಡು ಹೋಗಿದ್ದರೆ ಅದು ಸ್ಥಲಾಂತರ. ಕೊಡವಿ ಹೋಗಿದ್ದರೆ ಬರಿಯ ಪಲಾಯನ.

ಇನ್ನು ಎಲ್ಲಿಗೆ ಹೋಗಬೇಕೆಂಬ ವಿಚಾರ. ಇಂದಿನ ವಿದ್ಯಾಸ್ಥಾನಗಳಲ್ಲಿ ಧರ್ಮದ ಓದು ಎರಡು ತೆರನಾಗಿದೆ. ಧರ್ಮದೊಳಗೆ ನಿಂತು, ಆಚರಣೆಯೊಡನೆ, ಗುರುಮುಖದಿಂದ ಓದುವುದು ಒಂದು ತೆರ. ಧರ್ಮವನ್ನು ಎದುರಿಗಿಟ್ಟುಕೊಂಡು ಅದರ ಚರಿತ್ರೆ, ಭಾಷೆ, ತತ್ತ್ವ, ಸಮಾಜಗಳನ್ನು ಪರಿಶೀಲಿಸುವುದು ಇನ್ನೊಂದು ತೆರ. ಭಾರತದ ಸಂವಿಧಾನವು 28ನೆಯ ಅನುಚ್ಛೇದದಲ್ಲಿ ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಿಕ್ಷಣಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ವಿಧಿಸಿದೆ. ಅನುದಾನ ಪಡೆಯುವ ಸಂಸ್ಥೆಗಳಲ್ಲಿ ಅಂಥ ಬೋಧನೆಗೆ ವಿದ್ಯಾರ್ಥಿಯ ಸಮ್ಮತಿ ಬೇಕು. ಅವನು ಅಪ್ರಾಪ್ತವಯಸ್ಕನಾಗಿದ್ದರೆ ಪೋಷಕರ ಸಮ್ಮತಿ ಬೇಕು. ಹಾಗಾದರೆ ವಿಶ್ವವಿದ್ಯಾಲಯದಲ್ಲಿ ಒಬ್ಬ ಮಹಾಪುರುಷನ ಉಪದೇಶವನ್ನು ಓದಿಸಲೇ ಬಾರದೇ? ಅಮೃತಸರದ ಗುರುನಾನಕ್ ವಿಶ್ವವಿದ್ಯಾಲಯದ ಬಗ್ಗೆ ಇಂಥದೇ ತಕರಾರು ಎದ್ದಾಗ ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ಉತ್ತರವಿತ್ತಿತು: ಗುರುನಾನಕರ ಜೀವನ ಮತ್ತು ಉಪದೇಶಗಳ ಶಾಸ್ತ್ರೀಯ ಅಧ್ಯಯನವು ಧಾರ್ಮಿಕ ಬೋಧನೆಯಾಗದು. ಬಸವಾದಿ ಶರಣರ ಅಧ್ಯಯನಪೀಠಗಳು ವಿಶ್ವವಿದ್ಯಾಲಯಗಳಲ್ಲಿ ನಿಂತಿರುವುದೂ ಇದೇ ನೆಲದ ಮೇಲೆ.

ಅಮೆರಿಕದಲ್ಲಿಯೂ ಇದೇ ಭೇದವನ್ನು ಕಾಣಬಹುದು. ಶಾಲೆಗಳಲ್ಲಿ ಬೈಬಲ್ ಪಠನವನ್ನು ಕಡ್ಡಾಯ ಮಾಡಿದ್ದ ಪೆನ್ಸಿಲ್ವೇನಿಯಾದ ಕಾನೂನನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ ತಳ್ಳಿಹಾಕಿತು. ಆದರೆ ಶಿಕ್ಷಣದ ಅಂಗವಾಗಿ ಧರ್ಮವನ್ನು ನಿಷ್ಪಕ್ಷಪಾತವಾಗಿ ಅಭ್ಯಸಿಸಲು ಅಡ್ಡಿಯಿಲ್ಲವೆಂದೂ ಹೇಳಿತು. ಅಲ್ಲಿ ಎರಡು ವರುಷ ಊರಿನ ಸಮೀಪದ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ವೆಚ್ಚದಲ್ಲಿ ಓದಿ, ಉಳಿದೆರಡು ವರುಷಕ್ಕೆ ವಿಶ್ವವಿದ್ಯಾಲಯವನ್ನು ಸೇರುವುದು ಸಾಮಾನ್ಯ ಪದ್ಧತಿ. ಹಾಗೆ ಸೇರುವವರನ್ನು ಟ್ರಾನ್ಸ್‌ಫರ್ ವಿದ್ಯಾರ್ಥಿಗಳೆನ್ನುವರು. ಅದನ್ನು ಯಾರೂ ನಿಷ್ಠಾಭಂಗವೆಂದು ಎಣಿಸುವುದಿಲ್ಲ. ಪಾದ್ರಿಗಳನ್ನು ಸಿದ್ಧಗೊಳಿಸುವ ಸೆಮಿನರಿಗಳು ಸಾಮಾನ್ಯವಾಗಿ ಪದವಿ ಮುಗಿಸಿದವರನ್ನು ತೆಗೆದುಕೊಳ್ಳುವುದರಿಂದ, ಪದವಿಯ ಕಾಲದಲ್ಲಿ ಧರ್ಮವನ್ನು ಎದುರಿಗಿಟ್ಟು ಓದಿ ಅನಂತರ ಒಳಗೆ ಹೋಗುವ ಕ್ರಮವೂ ಅಲ್ಲಿ ಏರ್ಪಟ್ಟಿದೆ. ವಿದೇಶದಲ್ಲಿ ನೆಲೆಸಿರುವ ಲಿಂಗಾಯತ ಮನೆತನಗಳ ಮಕ್ಕಳು ಈ ಬಗೆಯ ವಿಭಾಗವನ್ನು ಸೇರುವೆವೆಂದರೆ ಇಲ್ಲಿರುವ ಅಜ್ಜ–ಅಜ್ಜಿಯರು ಗಾಬರಿಗೊಳ್ಳಬೇಕಾದುದಿಲ್ಲ. ಆ ವಿಭಾಗದಲ್ಲಿ ಭಾರತೀಯ ಭಾಷೆಗಳನ್ನು ಬಲ್ಲ ಅಧ್ಯಾಪಕರು ಯಾರಾದರೂ ಇರುವರೇ ಎಂದು ಕೇಳಿ ತಿಳಿದರೆ ಸಾಕು. ಕನ್ನಡವನ್ನರಿಯದೆ ವಚನವನ್ನು ವಿಮರ್ಶಿಸುವುದು ನೀರನ್ನು ಮುಟ್ಟದೆ ಈಜನ್ನು ವಿಮರ್ಶಿಸಿದಂತೆ.

ಈ ಎರಡು ತೆರಗಳಲ್ಲಿ ಯಾವುದು ಮೇಲು ಎಂದು ಕೇಳುವುದಕ್ಕಿಂತ, ಈ ವಿದ್ಯಾರ್ಥಿಗೆ ಯಾವುದು ಇನ್ನೂ ದೊರೆತಿಲ್ಲ ಎಂದು ಕೇಳುವುದು ಯುಕ್ತ. ಮೇಲೆ ಊಹಿಸಿದ ಪಾಠಶಾಲೆಯ ಹುಡುಗನು ಗುರುಮುಖದಿಂದ ಶಾಸ್ತ್ರವನ್ನು ಕೇಳಿದ್ದಾನೆ, ತ್ರಿಕಾಲ ಲಿಂಗಪೂಜೆಯಲ್ಲಿ ಬೆಳೆದಿದ್ದಾನೆ. ಬೌದ್ಧರು, ಜೈನರು, ಕ್ರೈಸ್ತರು, ಮುಸಲ್ಮಾನರು ತಮ್ಮ ತಮ್ಮ ದೇವರ, ಮೋಕ್ಷದ ವಿಚಾರವಾಗಿ ಏನು ಹೇಳಿದ್ದಾರೆಂಬುದನ್ನು ಖಂಡನೆಗಾಗಿಯಲ್ಲದೆ ತಿಳಿವಿಗಾಗಿ ಅವನು ಎಂದೂ ಓದಿಲ್ಲ. ಅಂಥವನಿಗೆ ವಿಶ್ವವಿದ್ಯಾಲಯ ಹಿತಕರ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಆರಂಭವಾದ ಗುರು ಗೋವಿಂದಸಿಂಗ್ ಧರ್ಮಾಧ್ಯಯನ ವಿಭಾಗವು ಬಹುಧರ್ಮಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿಸುವ ಸಂಕಲ್ಪದಿಂದಲೇ ಹುಟ್ಟಿದುದು. 1916ರಲ್ಲಿ ಸ್ಥಾಪಿತವಾದ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಮತ್ತು ಧರ್ಮದ ವಿಭಾಗವಿದೆ. 2022ರಲ್ಲಿ ಹಿಂದೂ ಅಧ್ಯಯನವೆಂಬ ಸ್ನಾತಕೋತ್ತರ ಪಾಠಕ್ರಮವೂ ಅಲ್ಲಿ ತೊಡಗಿತು. ವಾಣಿಜ್ಯವನ್ನು ಓದಿದ ತರುಣಿಯ ಕೊರತೆಯಾದರೋ ಬೇರೆ. ಅವಳಿಗೆ ಅಭಿಪ್ರಾಯಗಳಿಗೆ ಬರವಿಲ್ಲ, ಪಠ್ಯಕ್ಕೆ ಬರ. ಅವಳು ಮೊದಲು ಸಂಸ್ಕೃತವನ್ನೂ ಹಳಗನ್ನಡ ನಡುಗನ್ನಡಗಳನ್ನೂ ಕಲಿತು, ಒಬ್ಬ ವಿದ್ವಾಂಸರ ಮುಂದೆ ಕುಳಿತು ಒಂದೇ ಒಂದು ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಪದವನ್ನೂ ಹಾರಿಸದೆ ಓದಬೇಕು.

ಕಾಶಿಯ ಮಾತು ಬಂದಿತು. ಜಂಗಮವಾಡಿ ಮಠದಲ್ಲಿ ತಂಗಿ ಸಂಸ್ಕೃತ ಓದಿ ಬಂದ ಕನ್ನಡನಾಡಿನ ವಟುಗಳ ಪರಂಪರೆ ದೀರ್ಘವಾದುದು. 1791ರಲ್ಲಿ ಸಂಸ್ಕೃತ ಕಾಲೇಜಾಗಿ ಹುಟ್ಟಿ, 1958ರಲ್ಲಿ ವಿಶ್ವವಿದ್ಯಾಲಯವಾಗಿ, 1974ರಿಂದ ಸಂಪೂರ್ಣಾನಂದರ ಹೆಸರನ್ನು ಹೊತ್ತಿರುವ ಅಲ್ಲಿಯ ಸಂಸ್ಥೆಯ ಶಾಸ್ತ್ರಿ, ಆಚಾರ್ಯ ಪದವಿಗಳು ಕನ್ನಡನಾಡಿನ ಮಠಗಳಲ್ಲಿ ಗೌರವದ ಪದಗಳಾಗಿವೆ. ಹಾಗೆ ಕಾಶಿಗೆ ಹೋದವರೆಲ್ಲರೂ ಒಂದರ್ಥದಲ್ಲಿ ನಡುವೆ ಮನೆ ಬದಲಿಸಿದವರೇ. ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳಾದರೋ ತಾವು ಪೋಷಿಸಿದ ಅಂಧಬಾಲಕನು ಒಬ್ಬನೇ ಗುರುವಿನಲ್ಲಿ ನಿಲ್ಲಬೇಕೆಂದು ಬಗೆದವರಲ್ಲ. ಆ ಬಾಲಕನು ಕರ್ಣಾಟಕ ಸಂಗೀತವನ್ನೂ ಹಿಂದೂಸ್ತಾನಿ ಸಂಗೀತವನ್ನೂ ಬೇರೆ ಬೇರೆ ಗುರುಗಳಲ್ಲಿ ಕಲಿತು ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧನಾದನು. ಒಂದು ಪದ್ಧತಿಯು ಇನ್ನೊಂದನ್ನು ಕೆಡಿಸೀತೆಂಬ ಅಂಜಿಕೆ ಅಲ್ಲಿ ಅಡ್ಡಬಂದಿದ್ದರೆ ಗದುಗಿನ ಪುಣ್ಯಾಶ್ರಮದ ನಾದಪರಂಪರೆಗೆ ಎಷ್ಟು ನಷ್ಟವಾಗುತ್ತಿತ್ತು! ಇನ್ನೊಂದು ದಿಕ್ಕಿನ ಪ್ರಯಾಣಕ್ಕೆ ಸಿದ್ಧಗಂಗೆಯೇ ಸಾಕ್ಷಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ತರುಣನು 1930ರಲ್ಲಿ ಮಠದ ಉತ್ತರಾಧಿಕಾರವನ್ನು ಹೊತ್ತು, 2019ರಲ್ಲಿ ಲಿಂಗೈಕ್ಯರಾಗುವವರೆಗೂ ಶ್ರೀ ಶಿವಕುಮಾರ ಸ್ವಾಮಿಗಳಾಗಿ ಅನ್ನ–ಅಕ್ಷರಗಳ ದಾಸೋಹವನ್ನು ನಡೆಸಿದುದು ಎಲ್ಲರೂ ಬಲ್ಲ ಸಂಗತಿ.

ವಿಶ್ವವಿದ್ಯಾಲಯದಲ್ಲಿ ಧರ್ಮವನ್ನು ಓದಿದರೆ ನಂಬಿಕೆ ಸಡಿಲವಾಗುವುದೆಂಬ ಶಂಕೆ ಉಳಿದೇ ಇದೆ. ಸಡಿಲವಾಗುವ ಸಂಭವವಿಲ್ಲವೆಂದು ಆಣೆ ಇಟ್ಟು ಹೇಳಲಾಗದು. ವಚನಗಳ ಪಾಠಾಂತರಗಳನ್ನು ತೂಗಿ ನೋಡುವ, ಇಂಥ ವಚನ ಇಂಥ ಶರಣನದಲ್ಲ, ಪ್ರಕ್ಷಿಪ್ತವೆಂದು ನಿರ್ಣಯಿಸುವ ಕ್ರಮವನ್ನು ಮೊದಲ ಸಲ ಕೇಳಿದ ವಿದ್ಯಾರ್ಥಿಗೆ ನಿತ್ಯ ಪೂಜೆಯಲ್ಲಿ ಹೇಳಿಕೊಂಡು ಬಂದ ನುಡಿಯನ್ನೇ ಯಾರೋ ಕಸಿದಂತೆ ಆಗಬಹುದು. ಆದರೆ ವಚನಗಳು ಇಂದು ಮನೆಮನೆಗೆ ದೊರೆಯುತ್ತಿರುವುದು ಇದೇ ಕ್ರಮದ ಪ್ರಸಾದದಿಂದ. ಫ. ಗು. ಹಳಕಟ್ಟಿಯವರು (1880–1964) ಮುಂಬಯಿಯಲ್ಲಿ ಓದಿದ್ದು ಕಾನೂನು. ವಿಜಾಪುರದಲ್ಲಿ ವಕೀಲಿ ಮಾಡುತ್ತಲೇ ಓಲೆಯ ಕಟ್ಟುಗಳನ್ನು ಮನೆಮನೆಯಿಂದ ಕೂಡಿಸಿ, ಪ್ರತಿಗಳನ್ನು ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಪರೀಕ್ಷಿಸಲು ಕಲಿತ ಬುದ್ಧಿಯೇ ಓಲೆಗರಿಯ ಮುಂದೆ ಭಕ್ತಿಯಾಗಿ ಕೆಲಸ ಮಾಡಿತು. ಮುಂದೆ ಕರ್ನಾಟಕ ಸರಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿದಾಗಲೂ ದುಡಿದವರು ವಿಶ್ವವಿದ್ಯಾಲಯಗಳಲ್ಲಿ ಪಳಗಿದ ವಿದ್ವಾಂಸರು. 1973ರಲ್ಲಿ ವಚನಗಳನ್ನು ಇಂಗ್ಲಿಷ್ ಓದುಗರ ಕೈಗಿತ್ತ ಎ. ಕೆ. ರಾಮಾನುಜನ್ನರು ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಾಪಕರು; ಮನೆತನದಿಂದ ಶ್ರೀವೈಷ್ಣವರು. ಎದುರಿಗಿಟ್ಟು ಓದುವವರೆಲ್ಲ ಎದುರಾಳಿಗಳಲ್ಲವೆಂಬುದಕ್ಕೆ ಇಷ್ಟು ಸಾಕು. ಇಷ್ಟಲಿಂಗಕ್ಕೆ ಗುಡಿ ಬೇಡ, ಗರ್ಭಗೃಹ ಬೇಡ. ವಿದ್ಯಾರ್ಥಿನಿಲಯದ ಮಂಚದ ಪಕ್ಕದಲ್ಲಿ ಮೊಳದಷ್ಟು ನೆಲವಿದ್ದರೆ ಸಾಕು. ಪೂಜೆ ಬಿಟ್ಟುಹೋಯಿತೆಂದರೆ ಅದನ್ನು ವಿಶ್ವವಿದ್ಯಾಲಯದ ತಲೆಗೆ ಕಟ್ಟುವುದು ಅಷ್ಟು ನ್ಯಾಯವಲ್ಲ. ಊರಲ್ಲಿದ್ದೂ ಬಿಟ್ಟವರು ಇದ್ದಾರೆ.

ವಿದ್ಯಾಸ್ಥಾನವನ್ನು ಆಯುವಾಗ ಗಮನಿಸಲೇಬೇಕಾದ ಸೂಕ್ಷ್ಮವೊಂದುಂಟು. ಒಂದು ಕಡೆ ಸಿದ್ಧಾಂತಶಿಖಾಮಣಿಯಿಂದ ಪಾಠ ತೊಡಗುವುದು. ಅಲ್ಲಿಯ 101 ಸ್ಥಲಗಳ ವಿವರಣೆಯೇ ಧರ್ಮದ ಚೌಕಟ್ಟು. ಮತ್ತೊಂದು ಕಡೆ ಬಸವಾದಿ ಪ್ರಮಥರ ವಚನಗಳೇ ಆದಿಪ್ರಮಾಣ, ಸಂಸ್ಕೃತಗ್ರಂಥಗಳು ಅನಂತರದವು. ವೀರಶೈವ, ಲಿಂಗಾಯತ ಎಂಬ ಪದಗಳ ಕುರಿತು 2018ರ ಸುಮಾರಿನಲ್ಲಿ ಬೀದಿಗೆ ಬಂದ ವಾದವು ಗ್ರಂಥಗಳ ಈ ಕ್ರಮದಲ್ಲಿಯೂ ಅಡಗಿದೆ. ತಂದೆತಾಯಿಗಳು ತಮ್ಮ ಪಕ್ಷದ ಪಾಠವೇ ನಡೆಯುವ ಜಾಗವನ್ನು ಹುಡುಕುವುದು ಸಹಜ. ಆದರೆ ವಿದ್ಯಾರ್ಥಿಯು ನಿಜವಾಗಿ ವಿದ್ಯಾರ್ಥಿಯಾಗಿದ್ದರೆ, ತನ್ನ ಮನೆಯಲ್ಲಿ ತೆರೆಯದ ಗ್ರಂಥವು ತೆರೆದಿರುವ ಜಾಗಕ್ಕೆ ಹೋಗಬೇಕು. ಶಿಖಾಮಣಿಯನ್ನು ಓದಿದವನು ವಚನಗಳ ಎದುರು ಕುಳಿತುಕೊಳ್ಳಲಿ. ವಚನಗಳಲ್ಲಿ ಮಿಂದವನು ಮರಿತೋಂಟದಾರ್ಯರ ವ್ಯಾಖ್ಯಾನದೊಡನೆ ಶಿಖಾಮಣಿಯನ್ನು ಓದಿ, ತನಗೆ ಒಪ್ಪದ ಮಾತು ಎಲ್ಲಿ, ಏಕೆ ಒಪ್ಪದೆಂದು ಪುಟವನ್ನು ತೋರಿಸಿ ಹೇಳಲು ಕಲಿಯಲಿ. ಎದುರು ಪಕ್ಷದ ಗ್ರಂಥವನ್ನು ಮುಟ್ಟದೆ ತೀರ್ಪು ಕೊಡುವವನಿಗೆ ಕಾಲೇಜಾದರೂ ಏಕೆ ಬೇಕು? ಜಾತ್ರೆಯ ವೇದಿಕೆ ಸಾಲದೇ!

ಹೊಟ್ಟೆಯ ಪ್ರಶ್ನೆಗೆ ತಂದೆಯು ಉತ್ತರವನ್ನು ಬಯಸುವುದು ತಪ್ಪಲ್ಲ. ಕಾಯಕವನ್ನು ಧರ್ಮದ ಅಂಗವೆಂದ ಮಾರ್ಗದಲ್ಲಿ ಹೊಟ್ಟೆಯ ವಿಚಾರವನ್ನು ಕೀಳೆಂದು ಬಗೆಯುವಂತಿಲ್ಲ. ಧರ್ಮಾಧ್ಯಯನದಿಂದ ಸಂಪತ್ತು ಬರುವುದೆಂದು ಹೇಳಿ ಸೇರಿಸಿಕೊಳ್ಳುವ ಸಂಸ್ಥೆಯಿದ್ದರೆ ಅದನ್ನು ನಂಬಬೇಕಾಗಿಲ್ಲ. ಅಧ್ಯಾಪನ, ಗ್ರಂಥಸಂಪಾದನೆ, ಹಸ್ತಪ್ರತಿಗಳ ಸಂರಕ್ಷಣೆ, ಅನುವಾದ, ಪತ್ರಿಕಾವೃತ್ತಿ ಇವು ಈ ಓದಿನಿಂದ ಸಾಗುವ ದಾರಿಗಳು. ಅಗಲವಾದವಲ್ಲ, ಆದರೂ ದಾರಿಗಳೇ. ವಾಣಿಜ್ಯದ ತರುಣಿಯ ವಿಷಯದಲ್ಲಿಯಾದರೆ ಎರಡು ವರುಷದ ಓದನ್ನು ಮೂರನೆಯ ವರುಷದಲ್ಲಿ ಮುಗಿಸಿ ಪದವಿಯನ್ನು ಕೈಯಲ್ಲಿ ಹಿಡಿದು, ಬಳಿಕ ಸ್ನಾತಕೋತ್ತರದಲ್ಲಿ ವಿಷಯವನ್ನು ಬದಲಿಸುವುದೇ ಹೆಚ್ಚು ವಿವೇಕದ್ದು. ಹಂಬಲವು ನಿಜವಾದದ್ದಾಗಿದ್ದರೆ ಒಂದು ವರುಷದ ಕಾಯುವಿಕೆಯಿಂದ ಅದು ಆರುವುದಿಲ್ಲ. ಲೆಕ್ಕಪತ್ರವನ್ನು ಬಲ್ಲ ಧರ್ಮವಿದ್ಯಾವಂತೆಯಿಂದ ಮಠದ ಸಂಸ್ಥೆಗಳಿಗೆ ಆಗುವ ಪ್ರಯೋಜನವನ್ನು ಆಡಳಿತ ಮಂಡಳಿಯವರೇ ಚೆನ್ನಾಗಿ ಬಲ್ಲರು.

ಅವಳು ಹೆಣ್ಣುಮಗಳೆಂಬ ಕಾರಣಕ್ಕೆ ಬರುವ ಆಕ್ಷೇಪಕ್ಕೆ ಹೆಚ್ಚು ಸ್ಥಳ ಕೊಡಬೇಕಾದುದಿಲ್ಲ. ಉಡುತಡಿಯ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅನುಭವಮಂಟಪದ ಬಾಗಿಲಲ್ಲಿ ಅವಳನ್ನು ಕಠಿನವಾಗಿ ಪ್ರಶ್ನಿಸಿದರು. ಹೆಣ್ಣೆಂದು ಹೊರಗೆ ನಿಲ್ಲಿಸಲಿಲ್ಲ. ಮುಂದೆ ಅವಳು ಕಲ್ಯಾಣವನ್ನೂ ಬಿಟ್ಟು ಶ್ರೀಶೈಲದ ಕದಳಿಗೆ ಹೊರಟಾಗ ಶರಣರು ಹರಸಿ ಕಳುಹಿದರೆಂದೇ ಕಥೆ ಹೇಳುತ್ತದೆ. ವಿಜಾಪುರದ ಮಹಿಳಾ ವಿಶ್ವವಿದ್ಯಾಲಯವು 2017ರಿಂದ ಆ ತಾಯಿಯ ಹೆಸರನ್ನೇ ಹೊತ್ತಿದೆ. ವಸತಿಯುಕ್ತ ಸಂಸ್ಕೃತ ಪಾಠಶಾಲೆಗಳಾದರೋ ಬಹುಮಟ್ಟಿಗೆ ಗಂಡುಮಕ್ಕಳಿಗಾಗಿಯೇ ನಡೆಯುತ್ತಿರುವುದು ಮಠಗಳ ಹಿರಿಯರು ಯೋಚಿಸಬೇಕಾದ ಸಂಗತಿ.

ಇನ್ನುಳಿದುದು ವ್ಯವಹಾರದ ಭಾಗ. ಒಂದು ಸಂಸ್ಥೆಯಲ್ಲಿ ಗಳಿಸಿದ ಅಂಕಗಳು ಇನ್ನೊಂದರಲ್ಲಿ ಸಲ್ಲುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಏರ್ಪಾಡನ್ನು ಪ್ರಕಟಿಸಿತು. ವಿದ್ಯೆಗೂ ಒಂದು ಬ್ಯಾಂಕು ಹುಟ್ಟಿದುದು ಹಳಬರ ಕಿವಿಗೆ ವಿಚಿತ್ರವೆನಿಸಬಹುದು. ಆಗಿನ ನಿಯಮದಂತೆ ಪದವಿ ಕೊಡುವ ಸಂಸ್ಥೆಯಲ್ಲಿ ಅರ್ಧದಷ್ಟಾದರೂ ಓದು ನಡೆದಿರಬೇಕು. ಕೂಡಿಟ್ಟ ಕ್ರೆಡಿಟ್ಟುಗಳಿಗೆ ಗರಿಷ್ಠ ಏಳು ವರುಷದ ಆಯುಸ್ಸು. ಆದರೆ ಯಾವ ಪಾಠಕ್ಕೆ ಎಷ್ಟು ಮನ್ನಣೆ ಎಂಬುದನ್ನು ಸೇರಿಸಿಕೊಳ್ಳುವ ಸಂಸ್ಥೆಯಲ್ಲಿಯೇ ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯುವುದು ಕ್ಷೇಮ. ವಿದ್ವತ್ತನ್ನು ಓದಿದವನಿಗೆ ಯಾವ ತರಗತಿಯಲ್ಲಿ ಪ್ರವೇಶ, ಕಾಶಿಯ ಶಾಸ್ತ್ರಿಗೆ ಇಲ್ಲಿ ಯಾವ ಸಮಾನತೆ ಎಂಬುದರಲ್ಲಿ ಬಾಯಿಮಾತನ್ನು ನಂಬಿ ವರುಷ ಕಳೆದುಕೊಳ್ಳಬಾರದು. ಒಂದು ವರುಷ ಹಿಂದಿನಿಂದ ಓದಬೇಕಾಗಿ ಬಂದರೆ ಅದನ್ನು ಅವಮಾನವೆಂದು ತಿಳಿಯುವವನು ಸಿದ್ಧರಾಮನ ಪ್ರಸಂಗವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು. ಹೊಸ ಸಂಸ್ಥೆಯ ಗ್ರಂಥಾಲಯದಲ್ಲಿ ಒಂದು ದಿನ ಕುಳಿತು ಕಪಾಟುಗಳನ್ನು ನೋಡಿ ಬಂದರೆ, ಆ ಸಂಸ್ಥೆಯ ಪ್ರಕಟನಾಪತ್ರಿಕೆಗಿಂತ ಹೆಚ್ಚಿನದು ತಿಳಿಯುತ್ತದೆ. ಅಲ್ಲಿಯ ಅಧ್ಯಾಪಕರನ್ನು ಒಂದು ಪ್ರಶ್ನೆ ಕೇಳಿ, ಅವರು ಪ್ರಶ್ನೆಗೆ ಮುನಿಯುವರೋ, ಪುಸ್ತಕವನ್ನು ಕೈಗೆತ್ತಿಕೊಳ್ಳುವರೋ ಎಂಬುದನ್ನೂ ನೋಡಿ ಬರಬೇಕು.

ಬಿಟ್ಟುಕೊಡುವ ಪಾಠಶಾಲೆಯ ಮೇಲೂ ಒಂದು ಹೊಣೆಯಿದೆ. ವರ್ಗಾವಣೆ ಪತ್ರಕ್ಕಾಗಿ ಹುಡುಗನನ್ನು ಹತ್ತು ಸಲ ತಿರುಗಿಸುವುದು, ಮುನಿಸಿನಿಂದ ಮಾತು ಬಿಡುವುದು ಗುರುಸ್ಥಾನಕ್ಕೆ ಒಪ್ಪುವ ನಡತೆಯಲ್ಲ. ಆ ಪತ್ರದಲ್ಲಿ ‘ನಡತೆ’ ಎಂಬ ಅಂಕಣದ ಎದುರಿಗೆ ‘ಉತ್ತಮ’ ಎಂದು ಬರೆದು ಮೊಹರು ಒತ್ತುವುದು ರೂಢಿ. ಧರ್ಮವಿದ್ಯಾರ್ಥಿಯ ವಿಷಯದಲ್ಲಿ ಮುಖ್ಯಾಧ್ಯಾಪಕರು ಅದರೊಡನೆ ಇನ್ನೊಂದು ಹಾಳೆಯನ್ನು ತಮ್ಮ ಕೈಯಿಂದಲೇ ಬರೆದು ಇಡಬಹುದು: ಈ ಹುಡುಗನು ಶಿಖಾಮಣಿಯನ್ನು ಇಂಥ ಪರಿಚ್ಛೇದದವರೆಗೆ ಓದಿದ್ದಾನೆ, ವಚನಗಳಲ್ಲಿ ಪ್ರಸಾದಿಸ್ಥಲದವರೆಗೆ ಪಾಠವಾಗಿದೆ, ವ್ಯಾಕರಣ ಗಟ್ಟಿ, ತರ್ಕ ಸಾಲದು, ಇಂಥ ಪ್ರಶ್ನೆಯನ್ನು ಮೂರು ಸಲ ಕೇಳಿದನು, ಇಲ್ಲಿ ಅವನಿಗೆ ತೃಪ್ತಿಯಾಗುವ ಉತ್ತರ ದೊರೆಯಲಿಲ್ಲ. ಹೊಸ ಅಧ್ಯಾಪಕರು ಮೊದಲ ದಿನದ ಪಾಠವನ್ನು ಅಲ್ಲಿಂದಲೇ ಎತ್ತಿಕೊಳ್ಳಬಹುದು.